ಚೆಕ್ ಎಂಜಿನ್ ಲೈಟ್ ಹತ್ತಿತೇ? ಭಾಗ ಬದಲಿಸುವ ಮೊದಲು ಇಷ್ಟು ಮಾಡಿ

ಆಕ್ಸಿಜನ್ ಸೆನ್ಸರ್ ಬದಲಿಸಿದ ವಾರದೊಳಗೆ ಅದೇ ಹಳದಿ ದೀಪ ಮತ್ತೆ ಹತ್ತಿಕೊಳ್ಳುವುದು ಗ್ಯಾರೇಜುಗಳಲ್ಲಿ ಹೊಸ ಕಥೆಯಲ್ಲ. ಸ್ಕ್ಯಾನರ್ ಹಾಕಿದಾಗ ಪಿ0171 ಎಂಬ ಕೋಡ್ ಬಂದಿರುತ್ತದೆ. ಪಕ್ಕದಲ್ಲಿ ‘ಸಿಸ್ಟಮ್ ಟೂ ಲೀನ್’ ಎಂದಿರುತ್ತದೆ. ಆಕ್ಸಿಜನ್ ಸೆನ್ಸರ್ ಕೊಟ್ಟ ಮಾಹಿತಿಯಿಂದ ಆ ಕೋಡ್ ಹುಟ್ಟಿದ್ದು, ಆದ್ದರಿಂದ ಸೆನ್ಸರೇ ಕೆಟ್ಟಿದೆ ಎಂದು ತೀರ್ಮಾನವಾಗುತ್ತದೆ. ಹೊಸ ಸೆನ್ಸರ್ ಕೂರುತ್ತದೆ, ಕೆಲವು ಸಾವಿರ ಬಿಲ್ಲಾಗುತ್ತದೆ, ಕೋಡ್ ಅಳಿಸಿ ಕೀ ಕೈಗೆ ಕೊಡುತ್ತಾರೆ. ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಹೋಸಿನ ಮಡಿಕೆಯಲ್ಲಿದ್ದ ಬಿರುಕು ಮಾತ್ರ ಹಾಗೇ ಉಳಿದಿರುತ್ತದೆ.

ಆ ಹಳೆಯ ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಕಡಿಮೆಯಾಗಿದೆ ಎಂದು ತಿಳಿಸಿತ್ತು. ಕೋಡ್ ಹೇಳುವುದು ಲಕ್ಷಣವನ್ನು. ಯಾವ ಭಾಗ ಕೆಟ್ಟಿದೆ ಎಂಬುದನ್ನು ಪರೀಕ್ಷೆ ಮಾಡಿಯೇ ಕಂಡುಕೊಳ್ಳಬೇಕು. ಆ ಪರೀಕ್ಷೆಗಳಲ್ಲಿ ಹಲವನ್ನು ಕಾರಿನ ಮಾಲೀಕರು ಮನೆ ಮುಂದೆಯೇ, ಕಡಿಮೆ ಖರ್ಚಿನಲ್ಲಿ, ಒಂದು ಭಾನುವಾರದ ಬೆಳಿಗ್ಗೆ ಮಾಡಿ ಮುಗಿಸಬಹುದು. ಸರಿಪಡಿಸಲು ಗ್ಯಾರೇಜಿಗೇ ಹೋಗಬೇಕಾಗಿ ಬಂದರೂ ಏನು ಕೇಳಬೇಕು ಎಂಬುದು ಆಗ ನಿಮಗೆ ಗೊತ್ತಿರುತ್ತದೆ.

ಈ ದೀಪ ಯಾಕಿದೆ?

ಚೆಕ್ ಎಂಜಿನ್ ಲೈಟ್ ಬಂದದ್ದು ಹೊಗೆ ನಿಯಂತ್ರಣದ ಕಾನೂನಿನಿಂದ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1980ರ ದಶಕದ ಕೊನೆಯಲ್ಲಿ, ಕಾರು ತನ್ನ ದೋಷವನ್ನು ತಾನೇ ಗುರುತಿಸಿ ಚಾಲಕನಿಗೆ ತಿಳಿಸಬೇಕು ಎಂಬ ನಿಯಮ ತಂದಿತು. ಈ ಸ್ವಪರೀಕ್ಷಾ ವ್ಯವಸ್ಥೆಗೆ ಒಬಿಡಿ (ಆನ್‌ಬೋರ್ಡ್ ಡಯಾಗ್ನೋಸ್ಟಿಕ್ಸ್) ಎಂದು ಹೆಸರು. ಅದರ ಸುಧಾರಿತ ರೂಪವಾದ ಒಬಿಡಿ-2, 1996ರಿಂದ ಇಡೀ ಅಮೆರಿಕದಲ್ಲಿ ಕಡ್ಡಾಯವಾಯಿತು. ಭಾರತದಲ್ಲಿ ಬಿಎಸ್ 4 ಕಾರುಗಳಿಗೆ 2010ರ ಏಪ್ರಿಲ್‌ನಿಂದ ಒಬಿಡಿಯ ಮೊದಲ ಹಂತವೂ 2013ರ ಏಪ್ರಿಲ್‌ನಿಂದ ಎರಡನೆಯ ಹಂತವೂ ಜಾರಿಗೆ ಬಂದವು. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಮೇಲೆ ಈ ನಿಗಾ ಇನ್ನಷ್ಟು ಬಿಗಿಯಾಯಿತು. ಹಾಗಾಗಿ 2013ರ ನಂತರದ ಕಾರು ನಿಮ್ಮದಾಗಿದ್ದರೆ ಇಲ್ಲಿ ಹೇಳುವ ಬಹುತೇಕ ಕೆಲಸಗಳನ್ನು ಮಾಡಬಹುದು.

ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಹೊಗೆಯನ್ನು ಕೆಡಿಸಬಲ್ಲ ಭಾಗಗಳನ್ನೆಲ್ಲ ಸದಾ ಗಮನಿಸುತ್ತಿರುತ್ತದೆ. ಓಡಿಸುವಾಗ ಏನೂ ವ್ಯತ್ಯಾಸ ಕಾಣದಿದ್ದರೂ ದೀಪ ಹತ್ತುವುದು ಇದೇ ಕಾರಣಕ್ಕೆ. ಬ್ರೇಕ್ ಪ್ಯಾಡ್ ಸವೆದರೆ, ಕ್ಲಚ್ ಜಾರಿದರೆ, ಸಸ್ಪೆನ್ಷನ್ ಸದ್ದು ಮಾಡಿದರೆ ಈ ದೀಪಕ್ಕೆ ಸಂಬಂಧವಿಲ್ಲ. ಹೆಚ್ಚಿನ ದೋಷಗಳು ಒಂದರ ಹಿಂದೊಂದು ಎರಡು ಓಡಾಟಗಳಲ್ಲಿ ಕಂಡುಬಂದ ಮೇಲಷ್ಟೇ ದೀಪ ಹತ್ತುತ್ತದೆ. ಮೊದಲ ಸಲ ಕಂಡದ್ದನ್ನು ಇಸಿಯು ‘ಪೆಂಡಿಂಗ್ ಕೋಡ್’ ಆಗಿ ಬರೆದಿಟ್ಟುಕೊಂಡು ಕಾಯುತ್ತದೆ.

ರಸ್ತೆಯಲ್ಲಿದ್ದಾಗ ಹತ್ತಿದರೆ

ಮೊದಲು ನೋಡಬೇಕಾದದ್ದು ದೀಪದ ಬಣ್ಣ ಮತ್ತು ಅದು ಉರಿಯುವ ರೀತಿ.

ಹಳದಿ ದೀಪ ಸ್ಥಿರವಾಗಿ ಉರಿಯುತ್ತಿದ್ದು ಕಾರು ಸರಾಗವಾಗಿ ಓಡುತ್ತಿದ್ದರೆ ಗಾಬರಿ ಬೇಡ. ವೇಗ ತಗ್ಗಿಸಿ, ಜೋರಾಗಿ ಆಕ್ಸಿಲರೇಟರ್ ಒತ್ತದೆ ಮನೆ ತಲುಪಬಹುದು. ಒಂದೆರಡು ದಿನದಲ್ಲಿ ಕೋಡ್ ಓದಿಸಿ.

ಹಳದಿ ದೀಪ ಮಿಣುಕುತ್ತಿದ್ದರೆ ವಿಷಯ ಬೇರೆ. ಯಾವುದೋ ಸಿಲಿಂಡರಿನಲ್ಲಿ ಇಂಧನ ಹೊತ್ತಿಕೊಳ್ಳುತ್ತಿಲ್ಲ. ಮೆಕ್ಯಾನಿಕ್‌ಗಳು ಇದನ್ನೇ ‘ಮಿಸ್ಸಿಂಗ್’ ಎನ್ನುವುದು. ಉರಿಯದೆ ಉಳಿದ ಪೆಟ್ರೋಲ್ ನೇರವಾಗಿ ಸೈಲೆನ್ಸರ್ ಕಡೆಗೆ ಹೋಗಿ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತದೆ. ಅದರ ಒಳಗಿನ ಜೇನುಗೂಡಿನಂಥ ಪಿಂಗಾಣಿ ಭಾಗ ಅತಿಯಾಗಿ ಕಾದು ಕರಗಬಹುದು. ಕೆಲವು ನೂರು ರೂಪಾಯಿಯ ಸ್ಪಾರ್ಕ್ ಪ್ಲಗ್ಗಿನಲ್ಲಿ ಮುಗಿಯಬೇಕಾದ ಕೆಲಸ ಹತ್ತಾರು ಸಾವಿರಕ್ಕೆ ಏರುವುದು ಹೀಗೆ. ಆಕ್ಸಿಲರೇಟರಿನಿಂದ ಕಾಲು ತೆಗೆದು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಮಿಣುಕುವುದು ನಿಲ್ಲದಿದ್ದರೆ ಕಾರನ್ನು ಎಳೆಸಿಕೊಂಡು ಹೋಗುವುದೇ ಅಗ್ಗ.

ಕೆಂಪು ದೀಪಗಳು ಬೇರೆಯೇ ಎಚ್ಚರಿಕೆ. ಆಯಿಲ್ ಡಬ್ಬಿಯ ಆಕಾರದ್ದೋ ಥರ್ಮಾಮೀಟರ್ ಆಕಾರದ್ದೋ ಕೆಂಪಾಗಿ ಹತ್ತಿದರೆ ಕೂಡಲೇ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಕಾದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ.

ಬೇಕಾದ ಸಾಮಾನು

ಒಂದು ಒಬಿಡಿ ಅಡಾಪ್ಟರ್, ಮೊಬೈಲಿನಲ್ಲಿ ಒಂದು ಆ್ಯಪ್, ಸಣ್ಣ ಟಾರ್ಚ್, 10 ಎಂಎಂ ಸಾಕೆಟ್, ಸ್ಪಾರ್ಕ್ ಪ್ಲಗ್ ಸಾಕೆಟ್, ಮಲ್ಟಿಮೀಟರ್ ಇದ್ದರೆ ಸಾಕು. ಇಎಲ್ಎಂ327 ಮಾದರಿಯ ಬ್ಲೂಟೂತ್ ಅಡಾಪ್ಟರ್‌ಗಳು ಸುಮಾರು ₹500ರಿಂದ ₹2,000ದೊಳಗೆ ಸಿಗುತ್ತವೆ. ತೀರಾ ಅಗ್ಗದ ನಕಲುಗಳು ಕೆಲವು ಕಾರುಗಳ ಜೊತೆ ಮಾತನಾಡುವುದೇ ಇಲ್ಲ. ಹಿಂದಿರುಗಿಸುವ ಅವಕಾಶ ಇರುವಲ್ಲಿ ಕೊಳ್ಳಿ. ಐಫೋನ್ ಬಳಸುವವರು ವೈ-ಫೈ ಅಥವಾ ಬ್ಲೂಟೂತ್ ಎಲ್ಇ ಇರುವ ಅಡಾಪ್ಟರ್ ನೋಡಿ ಕೊಳ್ಳಬೇಕು. ‘ಟಾರ್ಕ್’, ‘ಕಾರ್ ಸ್ಕ್ಯಾನರ್’ನಂಥ ಆ್ಯಪ್‌ಗಳು ಈ ಕೆಲಸಕ್ಕೆ ಸಾಕಾಗುತ್ತವೆ.

ಕಾರು ಇನ್ನೂ ವಾರಂಟಿಯಲ್ಲಿದ್ದರೆ ಕೋಡ್ ಓದಿ ಬರೆದಿಟ್ಟುಕೊಳ್ಳಿ, ಅಷ್ಟಕ್ಕೇ ನಿಲ್ಲಿಸಿ. ಬಿಚ್ಚುವ ಕೆಲಸವನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಬಿಡಿ.

ಕೋಡ್ ಓದುವ ಕ್ರಮ

1. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ತಿರ ಹದಿನಾರು ಪಿನ್ನಿನ ಸಾಕೆಟ್ ಇರುತ್ತದೆ. ಕೆಲವು ಕಾರುಗಳಲ್ಲಿ ಅದು ಫ್ಯೂಸ್ ಬಾಕ್ಸ್ ಮುಚ್ಚಳದ ಹಿಂದೆ ಅಡಗಿರುತ್ತದೆ.

2. ಎಂಜಿನ್ ಆಫ್ ಇದ್ದಾಗ ಅಡಾಪ್ಟರ್ ಚುಚ್ಚಿ, ಆಮೇಲೆ ಕೀ ಆನ್ ಮಾಡಿ. ಎಂಜಿನ್ ಸ್ಟಾರ್ಟ್ ಮಾಡುವುದು ಬೇಡ.

3. ಮೊಬೈಲಿನ ಬ್ಲೂಟೂತ್‌ನಲ್ಲಿ ಜೋಡಿಸಿ. ಪಿನ್ ಕೇಳಿದರೆ ಸಾಮಾನ್ಯವಾಗಿ 1234 ಅಥವಾ 0000.

4. ಆ್ಯಪ್‌ನಲ್ಲಿ ಉಳಿಸಿಟ್ಟ ಕೋಡ್, ಪೆಂಡಿಂಗ್ ಕೋಡ್ ಎರಡನ್ನೂ ಓದಿ. ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ.

5. ‘ಫ್ರೀಜ್ ಫ್ರೇಮ್’ ಎಂಬ ಪುಟವನ್ನು ತಪ್ಪದೆ ತೆರೆಯಿರಿ. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ನಿನ ಆರ್‌ಪಿಎಂ, ಕಾರಿನ ವೇಗ, ಕೂಲಂಟ್ ಉಷ್ಣಾಂಶ, ಎಂಜಿನ್ ಮೇಲಿನ ಹೊರೆ ಎಲ್ಲ ಅಲ್ಲಿರುತ್ತವೆ. ಬೆಳಿಗ್ಗೆ ತಣ್ಣಗಿದ್ದಾಗ ಬಂದ ದೋಷವೋ, ಘಾಟಿ ಏರುವಾಗ ಬಂದದ್ದೋ, ಸಿಗ್ನಲ್ಲಿನಲ್ಲಿ ನಿಂತಾಗ ಬಂದದ್ದೋ ಎಂಬುದು ಇದರಿಂದ ತಿಳಿಯುತ್ತದೆ.

‘ಕ್ಲಿಯರ್’ ಬಟನ್ನನ್ನು ಈಗ ಮುಟ್ಟಬೇಡಿ. ಕೋಡ್ ಅಳಿಸಿದರೆ ಫ್ರೀಜ್ ಫ್ರೇಮ್ ಕೂಡ ಅಳಿದುಹೋಗುತ್ತದೆ. ದೋಷ ಉಳಿಯುತ್ತದೆ, ಸಾಕ್ಷ್ಯ ಮಾತ್ರ ಹೋಗುತ್ತದೆ. ಬ್ಯಾಟರಿಯ ತಂತಿ ಕಳಚಿ ದೀಪ ಆರಿಸುವ ಹಳೆಯ ಉಪಾಯವೂ ಇದನ್ನೇ ಮಾಡುತ್ತದೆ. ಎಂಜಿನ್ ಕಲಿತುಕೊಂಡಿದ್ದ ಐಡ್ಲಿಂಗ್ ಹೊಂದಾಣಿಕೆಯೂ ಅದರೊಂದಿಗೆ ಅಳಿಯಬಹುದು. ಕೆಲಸ ಮುಗಿದ ಮೇಲೆ ಅಡಾಪ್ಟರ್ ತೆಗೆದಿಡಿ. ನಿಂತ ಕಾರಿನಲ್ಲಿ ಅದು ದಿನಗಟ್ಟಲೆ ಇದ್ದರೆ ಬ್ಯಾಟರಿ ಇಳಿಯುತ್ತದೆ.

ಕೋಡನ್ನು ಬಿಡಿಸಿ ಓದುವುದು ಸುಲಭ. ಮೊದಲ ಅಕ್ಷರ ಪಿ ಎಂದಿದ್ದರೆ ಎಂಜಿನ್ ಅಥವಾ ಗೇರ್‌ಬಾಕ್ಸ್. ಬಿ ಎಂದರೆ ಬಾಡಿ, ಸಿ ಎಂದರೆ ಚಾಸಿಸ್, ಯು ಎಂದರೆ ಕಂಪ್ಯೂಟರ್‌ಗಳ ನಡುವಿನ ಸಂಪರ್ಕ. ಅದರ ಮುಂದಿನ ಅಂಕಿ 0 ಆಗಿದ್ದರೆ ಎಲ್ಲ ಕಂಪನಿಗಳಿಗೂ ಒಂದೇ ಅರ್ಥ. 1 ಆಗಿದ್ದರೆ ಆಯಾ ಕಂಪನಿಯದ್ದೇ ಅರ್ಥ. ಮೂರನೆಯ ಜಾಗದಲ್ಲಿ 1 ಅಥವಾ 2 ಇದ್ದರೆ ಗಾಳಿ ಮತ್ತು ಇಂಧನ, 3 ಇದ್ದರೆ ಇಗ್ನಿಷನ್, 4 ಇದ್ದರೆ ಹೊಗೆ ನಿಯಂತ್ರಣ, 5 ಇದ್ದರೆ ವೇಗ ಮತ್ತು ಐಡ್ಲಿಂಗ್, 7 ಇದ್ದರೆ ಗೇರ್‌ಬಾಕ್ಸ್. ಹಲವು ಕೋಡ್‌ಗಳು ಒಟ್ಟಿಗೆ ಬಂದಿದ್ದರೆ ಒಂದೇ ಮೂಲ ಕಾರಣವಿರುವ ಸಾಧ್ಯತೆ ಹೆಚ್ಚು. ಸಂಬಂಧವೇ ಇಲ್ಲದ ಐದಾರು ಸೆನ್ಸರ್‌ಗಳ ಕೋಡ್ ಒಮ್ಮೆಲೇ ಬಂದರೆ ಸೆನ್ಸರ್‌ಗಳನ್ನು ಬಿಟ್ಟು ಬ್ಯಾಟರಿ, ಅರ್ತಿಂಗ್, ವೈರಿಂಗ್ ಕಡೆ ನೋಡಿ.

ಬಾನೆಟ್ ತೆರೆದು ಕಣ್ಣಾಡಿಸಿ

ಎಂಜಿನ್ ತಣ್ಣಗಿರಲಿ, ಕೀ ಕೈಯಲ್ಲಿರಲಿ. ಕೂಲಿಂಗ್ ಫ್ಯಾನ್ ಎಂಜಿನ್ ನಿಂತ ಮೇಲೂ ತಾನಾಗಿ ತಿರುಗಬಹುದು; ಬೆರಳು, ದುಪಟ್ಟಾ, ಸಡಿಲ ತೋಳು ದೂರವಿರಲಿ. ಟಾರ್ಚ್ ಹಿಡಿದು ಹತ್ತು ನಿಮಿಷ ನಿಧಾನವಾಗಿ ನೋಡಿದರೆ ಎಷ್ಟೋ ಕೋಡ್‌ಗಳ ಕಾರಣ ಬರಿಗಣ್ಣಿಗೇ ಸಿಗುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟುಗಳಲ್ಲಿ, ಮನೆ ಪಕ್ಕದ ಶೆಡ್ಡುಗಳಲ್ಲಿ ಇಲಿಗಳದ್ದೇ ಮೊದಲ ಶಂಕೆ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಅವು ಎಂಜಿನ್ ಮೇಲೆ ಬಂದು ಕೂರುತ್ತವೆ. ಹಿಕ್ಕೆ, ಕಡ್ಡಿ, ಹತ್ತಿ, ತಿಂದು ಬಿಟ್ಟ ಸಿಪ್ಪೆ ಕಂಡರೆ ಹತ್ತಿರದ ವೈರಿಂಗನ್ನು ಬೆರಳಿನಿಂದ ಸವರುತ್ತ ಹೋಗಿ. ಕಡಿದ ತಂತಿಯನ್ನು ಬರೀ ಟೇಪ್ ಸುತ್ತಿ ಬಿಡಬಾರದು. ಬೆಸುಗೆ ಹಾಕಿ, ಹೀಟ್ ಶ್ರಿಂಕ್ ಕೊಳವೆ ತೊಡಿಸಬೇಕು. ಏರ್ ಫಿಲ್ಟರ್ ಡಬ್ಬಿಯನ್ನೂ ತೆರೆಯಿರಿ, ಇಲಿ ಗೂಡು ಕಟ್ಟಲು ಇಷ್ಟಪಡುವ ಜಾಗ ಅದು.

ಬಳ್ಳಾರಿ, ಸಂಡೂರಿನ ಅದಿರಿನ ದೂಳು, ರಾಯಚೂರು–ಕಲಬುರಗಿ ಕಡೆಯ ಬೇಸಿಗೆಯ ದೂಳು ಏರ್ ಫಿಲ್ಟರನ್ನು ಕಂಪನಿ ಹೇಳಿದ ಕಿಲೋಮೀಟರಿಗಿಂತ ಬಹಳ ಮೊದಲೇ ಕಟ್ಟಿಹಾಕುತ್ತದೆ. ಫಿಲ್ಟರನ್ನು ಬೆಳಕಿಗೆ ಹಿಡಿದಾಗ ಮಡಿಕೆಗಳ ನಡುವೆ ಬೆಳಕೇ ಕಾಣದಿದ್ದರೆ ಹೊಸದು ಹಾಕಿ. ಮಂಗಳೂರು, ಉಡುಪಿ, ಕಾರವಾರದ ಕಾರುಗಳಲ್ಲಿ ಕನೆಕ್ಟರ್ ಪಿನ್ನುಗಳ ಮೇಲೆ ಹಸಿರು ಕಿಲುಬು ಕೂರುತ್ತದೆ. ಬ್ಯಾಟರಿಯ ನೆಗೆಟಿವ್ ಕಳಚಿ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಒಣಗಿದ ಮೇಲೆ ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿ. ಹಾಗೆ ಕಳಚುವ ಮೊದಲು ಕೋಡ್ ಬರೆದಿಟ್ಟಿರಬೇಕು ಎಂಬುದು ನೆನಪಿರಲಿ. ಮಲೆನಾಡಿನ ಮಳೆಯಲ್ಲಿ, ನೀರು ನಿಂತ ರಸ್ತೆಯಲ್ಲಿ ಹೋಗಿ ಬಂದ ಮೇಲೆ ದೀಪ ಹತ್ತಿದ್ದರೆ ಇಗ್ನಿಷನ್ ಕಾಯಿಲ್ ಕೂರುವ ಗುಂಡಿಗಳಲ್ಲಿ ನೀರಿದೆಯೇ ನೋಡಿ.

ಬ್ಯಾಟರಿಯನ್ನೂ ಅಳೆಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.4ರಿಂದ 12.7 ವೋಲ್ಟ್ ಇದ್ದರೆ ಸರಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7ರ ನಡುವೆ ಇರಬೇಕು. ಹೊಸ ಕಾರುಗಳ ಸ್ಮಾರ್ಟ್ ಆಲ್ಟರ್ನೇಟರ್ ಆಗಾಗ ಇದಕ್ಕಿಂತ ಕೆಳಗೂ ಇಳಿಸುತ್ತದೆ.

ಮುಂಜಾನೆ ಸ್ಟಾರ್ಟ್ ಮಾಡುವ ಮೊದಲು ಇನ್ನೊಂದು ಪರೀಕ್ಷೆ ಮಾಡಬಹುದು. ಕೀ ಆನ್ ಮಾಡಿ ಆ್ಯಪ್‌ನ ‘ಲೈವ್ ಡೇಟಾ’ದಲ್ಲಿ ಕೂಲಂಟ್ ಉಷ್ಣಾಂಶ ಮತ್ತು ಒಳಹೋಗುವ ಗಾಳಿಯ ಉಷ್ಣಾಂಶ ನೋಡಿ. ರಾತ್ರಿಯಿಡೀ ತಣಿದ ಎಂಜಿನ್ನಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 24 ಡಿಗ್ರಿ, ಇನ್ನೊಂದು ಮೈನಸ್ 40 ಎಂದು ತೋರಿಸಿದರೆ ಆ ಸೆನ್ಸರಿನ ತಂತಿ ತುಂಡಾಗಿದೆ, ಕನೆಕ್ಟರ್ ಕಳಚಿದೆ ಅಥವಾ ಸೆನ್ಸರ್ ಒಳಗೇ ಸಂಪರ್ಕ ಕಡಿದಿದೆ. ಮೊದಲು ಕನೆಕ್ಟರ್ ನೋಡಿ.

ಮಿಸ್ಸಿಂಗ್: ಪಿ0300ರಿಂದ ಪಿ0304

ಪೆಟ್ರೋಲ್ ಕಾರಿನಲ್ಲಿ ಮನೆಯಲ್ಲೇ ಕಂಡುಹಿಡಿಯಲು ಅತ್ಯಂತ ಅನುಕೂಲವಾದ ದೋಷ ಇದು. ಒಂದೊಂದು ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್‌ಶಾಫ್ಟ್ ಒಂದು ಕ್ಷಣ ಚುರುಕಾಗುತ್ತದೆ. ಉರಿಯದಿದ್ದರೆ ಆ ಕ್ಷಣ ತುಸು ನಿಧಾನವಾಗುತ್ತದೆ. ಕ್ರ್ಯಾಂಕ್ ಸೆನ್ಸರ್ ಮೂಲಕ ಇಸಿಯು ಅದನ್ನು ಹಿಡಿದು ಯಾವ ಸಿಲಿಂಡರ್ ಎಂದೂ ಹೇಳುತ್ತದೆ: ಪಿ0301 ಎಂದರೆ ಒಂದನೆಯದು, ಪಿ0303 ಎಂದರೆ ಮೂರನೆಯದು. ಪಿ0300 ಎಂದರೆ ಯಾವುದೆಂದು ಗೊತ್ತುಮಾಡಲಾಗದಂತೆ ಬೇರೆ ಬೇರೆ ಸಿಲಿಂಡರುಗಳಲ್ಲಿ ಆಗುತ್ತಿದೆ ಎಂದರ್ಥ. ಆಗ ಇಂಧನ ಅಥವಾ ಗಾಳಿ ಸೋರಿಕೆಯ ಕಡೆ ಮೊದಲು ಗಮನ ಕೊಡಿ.

ಪಿ0301 ಬಂದಿದೆ ಎಂದುಕೊಳ್ಳಿ. ಈಗಿನ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಇರುತ್ತದೆ. ಎಂಜಿನ್ ತಣ್ಣಗಿರುವಾಗ, ಕೀ ಆಫ್ ಮಾಡಿ, ಒಂದನೆಯ ಕಾಯಿಲ್‌ನ ಕನೆಕ್ಟರ್ ಲಾಕ್ ಒತ್ತಿ ಬಿಡಿಸಿ. ತಂತಿ ಹಿಡಿದು ಎಳೆಯಬೇಡಿ. ಬೋಲ್ಟ್ ತೆಗೆದು, ಕಾಯಿಲನ್ನು ಸ್ವಲ್ಪ ತಿರುಗಿಸುತ್ತ ಮೇಲಕ್ಕೆ ಎಳೆಯಿರಿ. ಅದರ ಉದ್ದನೆಯ ರಬ್ಬರ್ ಬೂಟಿನ ಮೇಲೆ ತೆಳುವಾದ ಬಿಳಿ ಅಥವಾ ಕಪ್ಪು ಗೆರೆ ಕಂಡರೆ ಕರೆಂಟ್ ಅಲ್ಲಿಂದ ಎಂಜಿನ್ ಬಾಡಿಗೆ ಹಾರುತ್ತಿದೆ. ಬೂಟ್ ಎಣ್ಣೆಯಲ್ಲಿ ಅದ್ದಿದಂತಿದ್ದರೆ ಮೇಲಿನ ಕವರಿನ ಸೀಲ್ ಸೋರುತ್ತಿದೆ. ಕಾಯಿಲ್ ಬದಲಿಸಿದರೂ ಸೀಲ್ ಹಾಕದಿದ್ದರೆ ದೋಷ ಮರಳುತ್ತದೆ.

ಏನೂ ಕಾಣದಿದ್ದರೆ ಒಂದನೆಯ ಕಾಯಿಲನ್ನು ಎರಡನೆಯದರ ಜಾಗಕ್ಕೆ, ಎರಡನೆಯದನ್ನು ಒಂದನೆಯದರ ಜಾಗಕ್ಕೆ ಅದಲುಬದಲು ಮಾಡಿ. ಫ್ರೀಜ್ ಫ್ರೇಮಿನ ಚಿತ್ರ ಹೇಗೂ ನಿಮ್ಮಲ್ಲಿದೆ, ಈಗ ಕೋಡ್ ಅಳಿಸಿ ಓಡಿಸಿ ನೋಡಿ. ಕೋಡ್ ಪಿ0302 ಎಂದು ಬದಲಾದರೆ ದೋಷ ಕಾಯಿಲ್ ಜೊತೆ ಹೋಯಿತು ಎಂದರ್ಥ, ಕಾಯಿಲ್ ಕೆಟ್ಟಿದೆ. ಪಿ0301 ಆಗಿಯೇ ಉಳಿದರೆ ಪ್ಲಗ್‌ಗಳನ್ನು ಹಾಗೆಯೇ ಅದಲುಬದಲು ಮಾಡಿ. ಆಗಲೂ ಒಂದನೆಯದರಲ್ಲೇ ನಿಂತರೆ ಇಂಜೆಕ್ಟರ್ ಅಥವಾ ಕಂಪ್ರೆಷನ್ ವಿಚಾರ. ಅದು ಗ್ಯಾರೇಜಿನ ಕೆಲಸ. ಒಂದು ರೂಪಾಯಿಯ ಭಾಗವನ್ನೂ ಕೊಳ್ಳದೆ ನೀವು ಇಷ್ಟು ದೂರ ಬಂದಿರುತ್ತೀರಿ.

ಹಳೆಯ ಕೆಲವು ಎಂಜಿನ್‌ಗಳಲ್ಲಿ ಎರಡು ಸಿಲಿಂಡರುಗಳಿಗೆ ಒಂದು ಕಾಯಿಲ್ ಇರುತ್ತದೆ. ಒಂದು ಮತ್ತು ನಾಲ್ಕು, ಇಲ್ಲವೇ ಎರಡು ಮತ್ತು ಮೂರು ಜೊತೆಯಾಗಿ ಮಿಸ್ ಆಗುತ್ತಿದ್ದರೆ ಆ ಜೋಡಿಯ ಕಾಯಿಲ್ ಮೇಲೆ ಅನುಮಾನ ಪಡಿ.

ಪ್ಲಗ್ ತೆಗೆಯುವ ಮೊದಲು ಗುಂಡಿಯ ದೂಳನ್ನು ಊದಿ ತೆಗೆಯಿರಿ, ಇಲ್ಲದಿದ್ದರೆ ಅದು ಸಿಲಿಂಡರಿನೊಳಗೆ ಬೀಳುತ್ತದೆ. ತುದಿ ತಿಳಿಗಂದು ಬಣ್ಣದಲ್ಲಿದ್ದರೆ ಆ ಸಿಲಿಂಡರ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಇಂಧನ ಹೆಚ್ಚು. ಎಣ್ಣೆಯ ಜಿಡ್ಡಿದ್ದರೆ ಆಯಿಲ್ ಒಳಗೆ ಸೇರುತ್ತಿದೆ. ಹೊಸ ಪ್ಲಗ್ಗನ್ನು ಎಕ್ಸ್‌ಟೆನ್ಷನ್‌ಗೆ ಸಿಕ್ಕಿಸಿ ಬೆರಳಿನಿಂದಲೇ ತಿರುಗಿಸಿ ಒಳಗೆ ಕೂರಿಸಿ, ರ‍್ಯಾಚೆಟ್ ಕೊನೆಯಲ್ಲಷ್ಟೇ. ಸಿಲಿಂಡರ್ ಹೆಡ್ ಅಲ್ಯೂಮಿನಿಯಮ್ಮಿನದು. ಪ್ಲಗ್ಗಿನ ಮರೆ (ಥ್ರೆಡ್) ಓರೆಯಾಗಿ ಕಚ್ಚಿದರೆ ದೊಡ್ಡ ರಿಪೇರಿ. ಎಷ್ಟು ಬಿಗಿಯಬೇಕು, ಗ್ಯಾಪ್ ಎಷ್ಟಿರಬೇಕು ಎಂಬುದನ್ನು ನಿಮ್ಮ ಕಾರಿಗೆ ಸೂಚಿಸಿದ ಅಳತೆಯಂತೆಯೇ ಮಾಡಿ. ಸಿಎನ್‌ಜಿಯಲ್ಲಿ ಓಡುವ ಕಾರುಗಳಲ್ಲಿ ಕಿಡಿ ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ ಪ್ಲಗ್ಗೂ ಕಾಯಿಲ್ಲೂ ಬೇಗ ಸೋಲುತ್ತವೆ. ಮಿಸ್ಸಿಂಗ್ ಗ್ಯಾಸಿನಲ್ಲಿ ಮಾತ್ರ ಬರುತ್ತದೆಯೇ, ಪೆಟ್ರೋಲಿನಲ್ಲೂ ಬರುತ್ತದೆಯೇ ಎಂದು ಬದಲಿಸಿ ನೋಡುವುದು ಅಂಥವರಿಗೆ ಮೊದಲ ಪರೀಕ್ಷೆ.

ಪಿ0171: ಗಾಳಿ ಹೆಚ್ಚೋ, ಪೆಟ್ರೋಲ್ ಕಡಿಮೆಯೋ?

ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಈ ಪ್ರಮಾಣ ಕಾಯ್ದುಕೊಳ್ಳಲು ಇಸಿಯು ಎಷ್ಟು ಪೆಟ್ರೋಲ್ ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಲೆಕ್ಕವೇ ‘ಫ್ಯೂಯೆಲ್ ಟ್ರಿಮ್’. ಲೈವ್ ಡೇಟಾದಲ್ಲಿ ಅಲ್ಪಾವಧಿಯದ್ದೊಂದು, ದೀರ್ಘಾವಧಿಯದ್ದೊಂದು ಹೀಗೆ ಶೇಕಡಾ ಲೆಕ್ಕದ ಎರಡು ಸಂಖ್ಯೆಗಳಿರುತ್ತವೆ. ಎರಡನ್ನೂ ಕೂಡಿದಾಗ ಮೈನಸ್ 10ರಿಂದ ಪ್ಲಸ್ 10ರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಪ್ಲಸ್ 20 ದಾಟಿದರೆ ಇಸಿಯು ಪೆಟ್ರೋಲ್ ಸುರಿದು ಸುರಿದು ಸೋಲುತ್ತಿದೆ ಎಂದರ್ಥ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ತೆರೆದ ಜಾಗದಲ್ಲಿ ನಿಲ್ಲಿಸಿ, ಐಡ್ಲಿಂಗ್‌ನಲ್ಲಿ ಒಮ್ಮೆ, 2,500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ಇನ್ನೊಮ್ಮೆ ಈ ಸಂಖ್ಯೆ ನೋಡಿ. ಐಡ್ಲಿಂಗ್‌ನಲ್ಲಿ ಪ್ಲಸ್ 22 ಇದ್ದದ್ದು 2,500ರಲ್ಲಿ ಪ್ಲಸ್ 5ಕ್ಕೆ ಇಳಿದರೆ ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ನುಗ್ಗುತ್ತಿದೆ. ಸೋರಿಕೆ ಅಷ್ಟೇ ಇರುತ್ತದೆ. ಒಟ್ಟು ಗಾಳಿ ಹೆಚ್ಚಾದಾಗ ಅದರ ಪಾಲು ಸಣ್ಣದಾಗುತ್ತದೆ. ಬ್ರೇಕ್ ಬೂಸ್ಟರ್ ಹೋಸ್, ಕ್ರ್ಯಾಂಕ್‌ಕೇಸಿನ ಆವಿ ಒಯ್ಯುವ ಪಿಸಿವಿ ಹೋಸ್, ಇನ್‌ಟೇಕ್ ಪೈಪಿನ ಮಡಿಕೆಗಳು, ಕ್ಲಿಪ್ಪುಗಳನ್ನು ಬಗ್ಗಿಸಿ ನೋಡಿ, ‘ಸುಯ್’ ಎಂಬ ಸದ್ದಿಗೆ ಕಿವಿಗೊಡಿ. ಪೆಟ್ರೋಲೋ ಕ್ಲೀನರ್ ಸ್ಪ್ರೇಯೋ ಸಿಂಪಡಿಸಿ ಸೋರಿಕೆ ಹುಡುಕುವ ರೂಢಿ ಕೆಲವರಲ್ಲಿದೆ; ಬಿಸಿ ಎಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ, ಮನೆಯಲ್ಲಿ ಬೇಡವೇ ಬೇಡ.

ಇದಕ್ಕೆ ತಿರುವುಮುರುವಾಗಿ, ಐಡ್ಲಿಂಗ್‌ನಲ್ಲಿ ಸರಿಯಿದ್ದು ಹೊರೆ ಬಿದ್ದಂತೆ ಟ್ರಿಮ್ ಏರಿದರೆ ಪೆಟ್ರೋಲ್ ಸಾಕಷ್ಟು ತಲುಪುತ್ತಿಲ್ಲ: ಫ್ಯೂಯೆಲ್ ಪಂಪ್, ಫಿಲ್ಟರ್ ಅಥವಾ ಇಂಜೆಕ್ಟರ್. ಗಾಳಿಯನ್ನು ನೇರವಾಗಿ ಅಳೆಯುವ ಎಂಎಎಫ್ ಸೆನ್ಸರ್ ಇರುವ ಕಾರಾದರೆ ಅದರ ತಂತಿಗೆ ಕೂತ ದೂಳೂ ಕಾರಣವಿರಬಹುದು. ಅದಕ್ಕೆಂದೇ ಇರುವ ಎಂಎಎಫ್ ಕ್ಲೀನರ್ ದೂರದಿಂದ ಸಿಂಪಡಿಸಿ ಒಣಗಲು ಬಿಡಿ, ಬಟ್ಟೆ ಬ್ರಷ್ ತಾಗಿಸಬೇಡಿ. ನಮ್ಮ ಹಲವು ಸಣ್ಣ ಕಾರುಗಳಲ್ಲಿ ಎಂಎಎಫ್ ಬದಲು ಒತ್ತಡ ಅಳೆಯುವ ಎಂಎಪಿ ಸೆನ್ಸರ್ ಇರುತ್ತದೆ. ಅಂಥವುಗಳಲ್ಲಿ ಗಾಳಿ ಸೋರಿಕೆ ಲೀನ್ ಕೋಡಿಗಿಂತ ಹೆಚ್ಚಾಗಿ ಏರಿದ ಐಡ್ಲಿಂಗ್ ರೂಪದಲ್ಲಿ ಕಾಣಿಸುತ್ತದೆ.

ಇಂಧನದ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಶೇ 10 ಎಥನಾಲ್ ಬೆರೆಸಿದ ಪೆಟ್ರೋಲಿನಿಂದ (ಇ10) ಶೇ 20 ಬೆರೆಸಿದ್ದಕ್ಕೆ (ಇ20) ಬಂದಾಗ ಅದೇ ಗಾಳಿಗೆ ಸುಮಾರು ಶೇ 4ರಷ್ಟು ಹೆಚ್ಚು ಇಂಧನ ಬೇಕಾಗುತ್ತದೆ. ಹಳೆಯ ಕಾರಿನಲ್ಲಿ ಟ್ರಿಮ್ ಆ ಮಟ್ಟಿಗೆ ಏರಿರುವುದು ಸಹಜ. ಆದರೆ ಮೊದಲೇ ಸಣ್ಣ ಸೋರಿಕೆ ಇದ್ದ ಕಾರನ್ನು ಅಷ್ಟೇ ಏರಿಕೆ ಮಿತಿ ದಾಟಿಸಬಹುದು. ಪೆಟ್ರೋಲ್ ಹಾಕಿಸಿದ ಮರುದಿನವೇ ದೀಪ ಹತ್ತಿದ್ದರೆ ರಸೀದಿ ಜೋಪಾನ ಮಾಡಿ. ಬಂಕಿನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ ಕೇಳುವ ಹಕ್ಕು ಗ್ರಾಹಕರಿಗಿದೆ: ಒಂದು ಹನಿ ಪೆಟ್ರೋಲ್ ಕಾಗದದ ಮೇಲೆ ಬಿದ್ದು ಆರಿದ ಮೇಲೆ ಕಲೆ ಉಳಿಯಬಾರದು.

ಪಿ0420: ದುಬಾರಿ ಭಾಗ, ನಿಧಾನ ತೀರ್ಮಾನ

ಕ್ಯಾಟಲಿಟಿಕ್ ಕನ್ವರ್ಟರಿನ ಸಾಮರ್ಥ್ಯ ಕುಗ್ಗಿದೆ ಎಂದು ಹೇಳುವ ಕೋಡ್ ಇದು. ಕನ್ವರ್ಟರಿನ ಮುಂದೊಂದು, ಹಿಂದೊಂದು ಆಕ್ಸಿಜನ್ ಸೆನ್ಸರ್ ಇರುತ್ತವೆ. ಸಾಮಾನ್ಯ ಮಾದರಿಯ ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಸತತವಾಗಿ ಏರಿಳಿಯುತ್ತದೆ. ಕನ್ವರ್ಟರ್ ಸರಿಯಿದ್ದರೆ ಹಿಂದಿನದು 0.6–0.7 ವೋಲ್ಟಿನ ಹತ್ತಿರ ಹೆಚ್ಚು ಅಲುಗದೆ ನಿಲ್ಲುತ್ತದೆ. ಹಿಂದಿನದೂ ಮುಂದಿನದರಂತೆಯೇ ಏರಿಳಿಯತೊಡಗಿದರೆ ಕನ್ವರ್ಟರ್ ದಣಿದಿದೆ. ಆ್ಯಪ್‌ನಲ್ಲಿ ಎರಡರ ಗ್ರಾಫನ್ನೂ ಒಟ್ಟಿಗೆ ಹಾಕಿ ನೋಡಬಹುದು.

ಇಲ್ಲಿಯೂ ಅವಸರ ಬೇಡ. ಎಕ್ಸಾಸ್ಟ್ ಪೈಪಿನ ಜಾಯಿಂಟಿನಲ್ಲಿ ಸೋರಿಕೆ ಇದ್ದರೂ ಇದೇ ಕೋಡ್ ಬರುತ್ತದೆ. ಕನ್ವರ್ಟರ್ ನಿಜಕ್ಕೂ ಕೆಟ್ಟಿದ್ದರೆ ಹಳೆಯ ಮಿಸ್ಸಿಂಗ್ ಅಥವಾ ಆಯಿಲ್ ಉರಿಯುವಿಕೆ ಅದನ್ನು ಕೆಡಿಸಿರಬಹುದು. ಆ ಕಾರಣ ಸರಿಪಡಿಸದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಕನ್ವರ್ಟರನ್ನು ಟೊಳ್ಳು ಮಾಡಿ, ಸೆನ್ಸರಿಗೆ ಸುಳ್ಳು ಸಿಗ್ನಲ್ ಕೊಡುವ ಸಾಧನ ಸಿಕ್ಕಿಸುವ ‘ಪರಿಹಾರ’ ಹೇಳುವವರೂ ಇದ್ದಾರೆ. ಆ ಹೊಗೆಯನ್ನು ಉಸಿರಾಡುವುದು ನಮ್ಮದೇ ಬೀದಿಯ ಮಕ್ಕಳು. ಅಂಥ ಕೆಲಸಕ್ಕೆ ಒಪ್ಪಲೇಬೇಡಿ.

ಡೀಸೆಲ್ ಕಾರಿನವರಿಗೆ

ಬಿಎಸ್ 6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇದೆ. ತುಂಬಿದ ಮಸಿಯನ್ನು ಸುಮಾರು 600 ಡಿಗ್ರಿ ಬಿಸಿಯಲ್ಲಿ ಅದು ತಾನೇ ಸುಟ್ಟುಕೊಳ್ಳಬೇಕು. ದಿನವೂ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ನಾಲ್ಕೈದು ಕಿಲೋಮೀಟರ್ ಮಾತ್ರ ತೆವಳುವ ಕಾರಿಗೆ ಆ ಬಿಸಿ ಸಿಗುವುದೇ ಇಲ್ಲ. ಡಿಪಿಎಫ್ ದೀಪ ಮಾತ್ರ ಹತ್ತಿದ್ದರೆ ಮೈಸೂರು ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಸಂಚಾರ ಕಡಿಮೆಯಿರುವ ಹೊತ್ತಿನಲ್ಲಿ ಅರ್ಧ ಗಂಟೆ, 60 ಕಿ.ಮೀ.ಗಿಂತ ಹೆಚ್ಚಿನ ಒಂದೇ ವೇಗದಲ್ಲಿ, 2,000 ಆರ್‌ಪಿಎಂ ಮೀರುವ ಗೇರಿನಲ್ಲಿ ಓಡಿಸಿ. ಸುಡುವಿಕೆ ನಡೆಯುವಾಗ ಐಡ್ಲಿಂಗ್ ಏರಬಹುದು, ಫ್ಯಾನ್ ಜೋರಾಗಿ ತಿರುಗಬಹುದು, ಬಿಸಿ ವಾಸನೆ ಬರಬಹುದು. ಮುಗಿಯುವವರೆಗೆ ಎಂಜಿನ್ ನಿಲ್ಲಿಸಬೇಡಿ.

ಡಿಪಿಎಫ್ ದೀಪದ ಜೊತೆ ಚೆಕ್ ಎಂಜಿನ್ ಲೈಟೂ ಹತ್ತಿ ಪಿಕಪ್ ಸತ್ತಿದ್ದರೆ ಹೈವೇಗೆ ಒಯ್ಯಬೇಡಿ, ಸರ್ವಿಸ್ ಸೆಂಟರಿನಲ್ಲೇ ಸುಡಿಸಬೇಕು. ಆಯಿಲ್ ಡಿಪ್‌ಸ್ಟಿಕ್ಕನ್ನೂ ನೋಡಿ. ಅರ್ಧಕ್ಕೆ ನಿಂತ ಸುಡುವಿಕೆಗಳಿಂದ ಡೀಸೆಲ್ ಆಯಿಲ್ಲಿಗೆ ಸೇರಿ ಮಟ್ಟ ಗರಿಷ್ಠ ಗೆರೆಗಿಂತ ಮೇಲೇರಿದ್ದರೆ ಓಡಿಸದೆ ಆಯಿಲ್ ಬದಲಿಸಿ.

ಪೆಟ್ರೋಲ್ ಮುಚ್ಚಳದ ಮಾತು

‘ಟ್ಯಾಂಕಿನ ಮುಚ್ಚಳ ಬಿಗಿಮಾಡಿ, ದೀಪ ಆರುತ್ತದೆ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಅಮೆರಿಕದ ಕಾರುಗಳ ಮಟ್ಟಿಗೆ ನಿಜ; ಟ್ಯಾಂಕಿನ ಆವಿ ಸೋರುತ್ತಿದೆಯೇ ಎಂದು ಕಾರೇ ಪರೀಕ್ಷಿಸಿಕೊಳ್ಳಬೇಕು ಎಂಬುದು ಅಲ್ಲಿನ ನಿಯಮ. ನಮ್ಮ ಬಿಎಸ್ ನಿಯಮಗಳು ಯುರೋಪಿನ ಜಾಡಿನವು. ಇಲ್ಲಿನ ಕಾರುಗಳು ಸಾಮಾನ್ಯವಾಗಿ, ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವಿನ ವಿದ್ಯುತ್ ಸಂಪರ್ಕವನ್ನಷ್ಟೇ ಗಮನಿಸುತ್ತವೆ. ಅಮೆರಿಕದಲ್ಲಿರುವ ಕನ್ನಡಿಗರು ಪಿ0455, ಪಿ0442 ಬಂದರೆ ಮೊದಲು ಮುಚ್ಚಳದ ರಬ್ಬರ್ ರಿಂಗ್ ನೋಡಲಿ. ಇಲ್ಲಿರುವವರು ಮುಚ್ಚಳ ಬಿಗಿಮಾಡಿ ವಾರಗಟ್ಟಲೆ ಕಾಯುತ್ತ ಕೂರಬಾರದು.

ಕೋಡ್ ಅಳಿಸುವುದು ಯಾವಾಗ?

ಕಾರಣ ಸಿಕ್ಕಿ, ಸರಿಮಾಡಿದ ಮೇಲೆ ಅಳಿಸಿ. ಅಳಿಸದಿದ್ದರೂ ದೋಷವಿಲ್ಲದ ಮೂರು ಓಡಾಟಗಳ ನಂತರ ದೀಪ ಸಾಮಾನ್ಯವಾಗಿ ತಾನಾಗಿ ಆರುತ್ತದೆ. ಆಮೇಲೆ ನಗರದೊಳಗೆ ಸ್ವಲ್ಪ, ಹೆದ್ದಾರಿಯಲ್ಲಿ ಸ್ವಲ್ಪ ಓಡಿಸಿ ಮತ್ತೆ ಪೆಂಡಿಂಗ್ ಕೋಡ್ ನೋಡಿ. ಆ್ಯಪ್‌ನಲ್ಲಿ ‘ರೆಡಿನೆಸ್’ ಎಂಬ ಪುಟವಿದೆ. ಇಸಿಯು ತನ್ನ ಸ್ವಪರೀಕ್ಷೆಗಳನ್ನು ಮುಗಿಸಿದೆಯೇ ಎಂದು ಅದು ತೋರಿಸುತ್ತದೆ. ಅವು ಮುಗಿದು ಹೊಸ ಕೋಡ್ ಬರದಿದ್ದರೆ ರಿಪೇರಿ ಗೆದ್ದಂತೆ.

ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಇದೇ ಪುಟ ದೊಡ್ಡ ರಕ್ಷೆ. ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ಲೈಟ್ ಹತ್ತಲೇಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತದೇ ಇದ್ದರೆ ಯಾರೋ ದೀಪವನ್ನೇ ಸಾಯಿಸಿರಬಹುದು. ಹತ್ತಿ ಆರಿದರೂ ರೆಡಿನೆಸ್ ಪುಟದಲ್ಲಿ ಹೆಚ್ಚಿನ ಪರೀಕ್ಷೆಗಳು ‘ಅಪೂರ್ಣ’ ಎಂದಿದ್ದರೆ ಇತ್ತೀಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ಕಳಚಿದ್ದಾರೆ. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ನೋಡಿಯೇ ಮುಂಗಡ ಕೊಡಿ.

ಗ್ಯಾರೇಜಿಗೆ ಹೋಗುವಾಗ

ಫ್ಯೂಯೆಲ್ ಲೈನ್, ಡೀಸೆಲ್ ಇಂಜೆಕ್ಟರ್, ಟೈಮಿಂಗ್ ಚೈನ್, ಹೈಬ್ರಿಡ್ ಕಾರಿನ ಕಿತ್ತಳೆ ಬಣ್ಣದ ಕೇಬಲ್, ಗೇರ್‌ಬಾಕ್ಸ್ ಇವುಗಳಿಗೆ ಮನೆಯಲ್ಲಿ ಕೈ ಹಾಕಬಾರದು. ಕ್ರ್ಯಾಂಕ್ ಸೆನ್ಸರಿನ ಪಿ0335 ಬಂದು, ಬಿಸಿಯಾದಾಗ ಎಂಜಿನ್ ನಡುದಾರಿಯಲ್ಲಿ ನಿಲ್ಲುತ್ತಿದ್ದರೆ ಶಿರಾಡಿ, ಚಾರ್ಮಾಡಿಯಂಥ ಘಾಟಿ ರಸ್ತೆಗೆ ಆ ಕಾರನ್ನು ಒಯ್ಯಬೇಡಿ.

ಮೆಕ್ಯಾನಿಕ್ ಹತ್ತಿರ ಹೋಗುವಾಗ ಕೋಡ್, ಫ್ರೀಜ್ ಫ್ರೇಮಿನ ಚಿತ್ರ, ನೀವು ಮಾಡಿ ನೋಡಿದ ಪರೀಕ್ಷೆಗಳು, ದೀಪ ಹತ್ತಿದ ದಿನ, ಆಗಿನ ಕಿಲೋಮೀಟರ್, ಇತ್ತೀಚೆಗೆ ಹಾಕಿಸಿದ ಪೆಟ್ರೋಲ್, ಮಾಡಿಸಿದ ಕೆಲಸ ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು ಕೊಡಿ. ಒಳ್ಳೆಯ ಮೆಕ್ಯಾನಿಕ್ ಇದನ್ನು ಸಂತೋಷದಿಂದ ಓದುತ್ತಾನೆ, ಅವನ ಅರ್ಧ ದಿನ ಉಳಿಯುತ್ತದೆ. ಆಮೇಲೆ ಅವನು ಯಾವುದೇ ಭಾಗ ಬದಲಿಸಬೇಕು ಎಂದರೆ ಒಂದೇ ಪ್ರಶ್ನೆ ಕೇಳಿ: ‘ಇದೇ ಕೆಟ್ಟಿದೆ ಎಂದು ಯಾವ ಪರೀಕ್ಷೆಯಲ್ಲಿ ಗೊತ್ತಾಯಿತು?’ ವೋಲ್ಟೇಜ್ ಅಳೆದೆ, ಅದಲುಬದಲು ಮಾಡಿದೆ, ಹೋಸ್ ಸೋರಿಕೆ ತೋರಿಸುತ್ತೇನೆ ಬನ್ನಿ ಎಂಬ ಉತ್ತರ ಬಂದರೆ ನಿಶ್ಚಿಂತೆಯಿಂದ ಕೆಲಸ ಒಪ್ಪಿಸಿ. ಸ್ಕ್ಯಾನರಿನಲ್ಲಿ ಹಾಗೆ ಬಂತು ಎಂಬುದಷ್ಟೇ ಉತ್ತರವಾದರೆ, ಹಣ ಕೊಡುವ ಮೊದಲು ಇನ್ನೊಂದು ಗ್ಯಾರೇಜಿನಲ್ಲಿ ತೋರಿಸಿ.